‘ಗೃಹಭಂಗ’ದಲ್ಲಿ ಶೋಕವೂ ಸಾಂತ್ವನವೂ

ರಸಗಳಿಗೆಲ್ಲ ಕರುಣವೇ ಮೂಲವೆಂಬ ಮತವು ಭವಭೂತಿಯ ‘ಉತ್ತರರಾಮಚರಿತ’ದಲ್ಲಿ ಪ್ರತಿಪಾದಿತವಾಗಿರುವುದು ಸಹೃದಯರಿಗೆ ತಿಳಿದ ವಿಷಯವೇ. ಆ ನಾಟಕದ ಮೂರನೆಯ ಅಂಕದಲ್ಲಿ, ಹಳೆಯ ನೆನಪುಗಳು ತುಂಬಿದ ವನಕ್ಕೆ ಬಂದ ಶ್ರೀರಾಮನು ದುಃಖವನ್ನು ತಾಳಲಾರದೆ ಮೂರ್ಛೆಗೊಂಡಾಗ, ಅವನ ಕಣ್ಣಿಗೆ ಕಾಣಿಸದಿರುವ ಸೀತೆಯ ಕರಸ್ಪರ್ಶದಿಂದ ಚೇತರಿಸಿಕೊಳ್ಳುತ್ತಾನೆ. ಅವನ ಶೋಕದ ಕಾರಣವು ಇದ್ದಂತೆಯೇ ಇದೆ. ಆದರೂ ಒಂದು ಕೈ ಮುಟ್ಟಿದಷ್ಟರಿಂದಲೇ ಹೋಗುತ್ತಿದ್ದ ಉಸಿರು ಮರಳಿ ಬಂದಿತು. ದುಃಖವನ್ನು ವಸ್ತುವಾಗಿ ಹಿಡಿದ ಕವಿಗೆ ಇದೇ ದೊಡ್ಡ ಪರೀಕ್ಷೆ. ಶೋಕವನ್ನು ಸುಳ್ಳುಮಾಡದೆ ಸಾಂತ್ವನವನ್ನು ತರುವುದು ಹೇಗೆ? ಸಾಂತ್ವನವು ಹೆಚ್ಚಾದರೆ ಶೋಕವು ಆಟಿಕೆಯಾಗುತ್ತದೆ. ಸಾಂತ್ವನವೇ ಇಲ್ಲದಿದ್ದರೆ ವಾಚಕನು ಪುಸ್ತಕವನ್ನು ಮುಚ್ಚಿ ಬರಿಯ ಕತ್ತಲೆಯನ್ನೇ ಮನೆಗೆ ಕೊಂಡೊಯ್ಯುತ್ತಾನೆ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಬೇಕಾದ ಕನ್ನಡ ಕಾದಂಬರಿಗಳಲ್ಲಿ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವು ಮುಖ್ಯವಾದುದು. ಇದು ಪ್ರಕಟವಾದುದು ೧೯೭೦ರಲ್ಲಿ. ಕಥೆ ನಡೆಯುವ ಕಾಲ ಈ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಎರಡು ಮೂರು ದಶಕಗಳು. ಸ್ಥಳ ತಿಪಟೂರು, ಚನ್ನರಾಯಪಟ್ಟಣಗಳ ಸುತ್ತಣ ಸೀಮೆ. ಕಾದಂಬರಿಕಾರರು ಹುಟ್ಟಿದುದು ೧೯೩೧ರಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಕಾಲವಾದುದು ೨೦೨೫ರ ಸೆಪ್ಟೆಂಬರ್ ೨೪ರಂದು. ಬಾಲ್ಯದಲ್ಲಿಯೇ ಪ್ಲೇಗಿನ ಹಾವಳಿಯಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಸಂಗತಿಯು ೧೯೯೬ರಲ್ಲಿ ಹೊರಬಂದ ಅವರ ಆತ್ಮವೃತ್ತಾಂತ ‘ಭಿತ್ತಿ’ಯಿಂದ ತಿಳಿದುಬರುತ್ತದೆ. ಎರಡು ಗ್ರಂಥಗಳನ್ನೂ ಓದಿದವರಿಗೆ, ಕಾದಂಬರಿಯ ಬಹುಭಾಗವು ಕಂಡುಂಡ ಬಾಳಿನಿಂದಲೇ ಮೂಡಿದುದೆಂಬುದು ಸ್ಪಷ್ಟವಾಗುತ್ತದೆ. ಆದರೆ ಸ್ವಾನುಭವದಿಂದ ಬರೆದುದೆಂಬುದೊಂದೇ ಕಾವ್ಯಕ್ಕೆ ಗುಣವಾಗಲಾರದು. ತನ್ನ ಗಾಯವನ್ನು ತಾನೇ ತೋರಿಸಿ ಕನಿಕರವನ್ನು ಬೇಡುವ ಬರವಣಿಗೆ ಎಷ್ಟೋ ಇದೆ. ಇಲ್ಲಿ ಕಾದಂಬರಿಕಾರರು ಹಿಂದೆ ಸರಿದು ನಿಂತು, ಊರಿನ ಲೆಕ್ಕವನ್ನು ಬರೆಯುವ ಶ್ಯಾನುಭೋಗನಂತೆ ಒಂದೊಂದು ನಷ್ಟವನ್ನೂ ಅದರ ಸಾಲಿನಲ್ಲಿಯೇ ಬರೆದಿಟ್ಟಿರುವುದು ಗ್ರಂಥದ ಮೊದಲ ಗುಣ.

ಕಥೆಯ ಹಂದರವು ಸರಳವಾಗಿದೆ. ರಾಮಸಂದ್ರದ ಶ್ಯಾನುಭೋಗರ ಮನೆ. ಯಜಮಾನನು ತೀರಿಕೊಂಡ ಮೇಲೆ ಮನೆಯ ಆಡಳಿತವೆಲ್ಲ ಬಾಯಿಗೆ ಹತೋಟಿಯಿಲ್ಲದ ಗಂಗಮ್ಮನದು. ಅವಳ ಇಬ್ಬರು ಮಕ್ಕಳು, ಚೆನ್ನಿಗರಾಯ ಮತ್ತು ಅಪ್ಪಣ್ಣಯ್ಯ. ಬುದ್ಧಿಯೂ ಇಲ್ಲ, ದುಡಿಮೆಯೂ ಇಲ್ಲ. ನಾಗಲಾಪುರದ ಕಂಠೀಜೋಯಿಸರ ಮಗಳು ನಂಜಮ್ಮ ಈ ಮನೆಗೆ ಚೆನ್ನಿಗರಾಯನ ಹೆಂಡತಿಯಾಗಿ ಬರುತ್ತಾಳೆ. ಸಾಲಕ್ಕೆ ಸಿಕ್ಕಿ ಜಮೀನು ಹೋಗುತ್ತದೆ, ಮನೆ ಹೋಗುತ್ತದೆ. ಗಂಡನ ಹೆಸರಿನಲ್ಲಿರುವ ಶ್ಯಾನುಭೋಗಿಕೆಯ ಲೆಕ್ಕವನ್ನು ಹೆಂಡತಿಯೇ ಕುಳಿತು ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಇಷ್ಟರಲ್ಲಿ ಊರಿಗೆ ಪ್ಲೇಗು ಬಂದು, ಮದುವೆಯಾದ ಮಗಳು ಪಾರ್ವತಿಯನ್ನೂ ಓದಿನಲ್ಲಿ ಮುಂದಾದ ಮಗ ರಾಮಣ್ಣನನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ. ಉಳಿದವನು ಕಿರಿಯ ಮಗ ವಿಶ್ವ. ಕೊನೆಗೆ ನಂಜಮ್ಮನನ್ನೂ ಅದೇ ರೋಗ ಬಲಿ ತೆಗೆದುಕೊಳ್ಳುತ್ತದೆ.

ಹೀಗೆ ಹೇಳಿಬಿಟ್ಟರೆ ಇದು ಕೇವಲ ಕಷ್ಟಗಳ ಪಟ್ಟಿಯಂತೆ ತೋರುವುದು. ‘ಗೃಹಭಂಗ’ವನ್ನು ಅಂಥ ಪಟ್ಟಿಯೆಂದೇ ಭಾವಿಸಿ, ಓದಲು ಎದೆಗಟ್ಟಿ ಬೇಕೆಂದು ಹಿಂಜರಿಯುವ ವಾಚಕರೂ ಉಂಟು. ಆದರೆ ಗ್ರಂಥದ ಹೆಸರಿನಲ್ಲಿಯೇ ಕಾದಂಬರಿಕಾರರ ದೃಷ್ಟಿ ಅಡಗಿದೆ. ಇಲ್ಲಿ ಮುರಿದು ಬೀಳುವುದು ಮನುಷ್ಯರಿಗಿಂತ ಮೊದಲು ಮನೆ. ಅದನ್ನು ಮುರಿಯುವುದು ರೋಗವಲ್ಲ, ಸಾಲವೂ ಅಲ್ಲ, ಮನೆಯೊಳಗಿನ ಮಾತು. ಗಂಗಮ್ಮನ ಬೈಗಳನ್ನು ಕಾದಂಬರಿಕಾರರು ಮರೆಮಾಚದೆ ಕೊಟ್ಟಿರುವುದು ಕೆಲವರಿಗೆ ಅರುಚಿಯಾಗಿ ಕಂಡಿರಬಹುದು. ಆದರೆ ಅವುಗಳನ್ನು ತಿದ್ದಿ ನಯಮಾಡಿದ್ದರೆ ಗ್ರಂಥದ ಅರ್ಥವೇ ಕೆಡುತ್ತಿತ್ತು. ಬೆಳಗ್ಗೆ ಎದ್ದಾಗಿನಿಂದ ಶಾಪವನ್ನೇ ಕೇಳುತ್ತ ಬೆಳೆದ ಮಕ್ಕಳು ಶಾಪವನ್ನೇ ಭಾಷೆಯೆಂದು ತಿಳಿಯುತ್ತಾರೆ. ಚೆನ್ನಿಗರಾಯನೂ ಅಪ್ಪಣ್ಣಯ್ಯನೂ ಆ ಭಾಷೆಯ ಬೆಳೆ. ನಂಜಮ್ಮನಿಗೆ ಬಿದ್ದ ಪೆಟ್ಟುಗಳಲ್ಲಿ ಕೈಯಿಂದ ಬಿದ್ದವುಗಳಿಗಿಂತ ನಾಲಗೆಯಿಂದ ಬಿದ್ದವು ಹೆಚ್ಚು. ಪ್ಲೇಗು ಬರುವುದಕ್ಕೆ ಬಹಳ ಮುಂಚೆಯೇ ಆ ಮನೆಯು ಗಾಯಗೊಂಡಿತ್ತು.

ಇಂಥ ಮನೆಗೆ ಸಾಂತ್ವನವು ಎಲ್ಲಿಂದ ಬರಬೇಕು? ಲೋಕರೂಢಿಯಂತೆ ನೋಡಿದರೆ ಗಂಡನಿಂದ, ಅತ್ತೆಯಿಂದ, ತವರಿನಿಂದ. ಗಂಡನಿಗೆ ಹೆಂಡತಿಯ ದುಃಖಕ್ಕಿಂತ ತನ್ನ ಊಟವು ದೊಡ್ಡದು. ತವರಿನಲ್ಲಿ ಅಜ್ಜಿ ಅಕ್ಕಮ್ಮನ ಮಮತೆಯುಂಟು. ಆದರೆ ಅಲ್ಲಿಯ ಮನೆಯಲ್ಲಿಯೂ ಶಾಂತಿಯಿಲ್ಲ. ರಕ್ತಸಂಬಂಧದ ಬಾಗಿಲುಗಳೆಲ್ಲ ಹೀಗೆ ಮುಚ್ಚಿಕೊಂಡಾಗ, ನೆನೆಸದ ಕಡೆಯಿಂದ ಒಂದು ಆಸರೆ ಒದಗುತ್ತದೆ. ಅವರೇ ಮಾದೇವಯ್ಯನವರು, ಭಿಕ್ಷೆಯಿಂದ ಜೀವಿಸುತ್ತ ಊರಿನ ಗುಡಿಯಲ್ಲಿ ನೆಲೆಸಿರುವ ಜಂಗಮರು. ನಂಜಮ್ಮ ಬ್ರಾಹ್ಮಣರ ಮನೆಯ ಸೊಸೆ. ಇಬ್ಬರಿಗೂ ಕುಲದ ನಂಟಿಲ್ಲ, ಮತದ ನಂಟಿಲ್ಲ, ಕೊಡುವ ತೆಗೆದುಕೊಳ್ಳುವ ವ್ಯವಹಾರವಿಲ್ಲ. ಆ ಕಾಲದ ಮಡಿಯ ಕಟ್ಟಿನಲ್ಲಿ ಒಂದೇ ಪಂಕ್ತಿಯ ಊಟವೂ ಸಾಧ್ಯವಿಲ್ಲ. ಇಷ್ಟೊಂದು ‘ಇಲ್ಲ’ಗಳ ನಡುವೆ ಉಳಿಯುವುದು ಒಂದೇ: ಒಬ್ಬರ ಮಾತನ್ನು ಇನ್ನೊಬ್ಬರು ನಂಬಿ ಕೇಳುವುದು.

ಈ ಸಂಬಂಧವನ್ನು ಚಿತ್ರಿಸುವಲ್ಲಿ ಕಾದಂಬರಿಕಾರರ ಸಂಯಮವು ಮೆಚ್ಚತಕ್ಕದ್ದು. ಮಾದೇವಯ್ಯನವರು ಪವಾಡ ಮಾಡುವುದಿಲ್ಲ. ದೊಡ್ಡ ವೇದಾಂತವನ್ನು ಬೋಧಿಸಿ ದುಃಖವೆಲ್ಲ ಮಾಯೆಯೆಂದು ಹಾರಿಸಿಬಿಡುವುದಿಲ್ಲ. ಅವರು ಕೊಡುವುದು ಕೆಲಸಕ್ಕೆ ಬರುವ ಸಲಹೆ, ಸಮಯಕ್ಕೆ ಒದಗುವ ನೆರವು, ಎಲ್ಲಕ್ಕಿಂತ ಹೆಚ್ಚಾಗಿ ಮರ್ಯಾದೆ. ಮನೆಯಲ್ಲಿ ಯಾರಿಂದಲೂ ಗೌರವದ ಮಾತನ್ನು ಕೇಳದ ಹೆಣ್ಣಿಗೆ, ತನ್ನನ್ನು ಬುದ್ಧಿಯುಳ್ಳ ಮನುಷ್ಯಳೆಂದು ಎಣಿಸಿ ಮಾತನಾಡುವ ಒಬ್ಬರು ಊರಿನಲ್ಲಿ ಇದ್ದಾರೆಂಬುದೇ ಬದುಕಲು ಸಾಕಾಗುವ ಆಧಾರ. ಮನಸ್ಸಿಗೆ ಬಿದ್ದ ಪೆಟ್ಟು ಮಾಯುವುದು ಪೆಟ್ಟನ್ನು ಮರೆಯುವುದರಿಂದಲ್ಲ, ಅದನ್ನು ನಂಬುವ ಕಿವಿ ದೊರೆಯುವುದರಿಂದ ಎಂಬ ತತ್ತ್ವವು ಇಲ್ಲಿ ಉಪದೇಶವಾಗದೆ ನಡೆವಳಿಕೆಯಾಗಿಯೇ ಕಾಣುತ್ತದೆ.

ಸಂತೆಮರಹಳ್ಳಿಯ ಸುತ್ತಮುತ್ತಣ ವಾಚಕರಿಗೆ ಈ ಜಂಗಮರ ಚಿತ್ರವು ಅಪರಿಚಿತವೆನಿಸಲಾರದು. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲಗಳ ಹಾದಿಯ ಊರುಗಳಲ್ಲಿ ಕಂಸಾಳೆಯ ನಾದದೊಡನೆ ದೇವರ ಗುಡ್ಡರು ಮನೆಯ ಬಾಗಿಲಿಗೆ ಬಂದು ನಿಲ್ಲುವುದು, ಗೃಹಿಣಿಯು ಮೊರದಲ್ಲಿ ಧಾನ್ಯವನ್ನು ತಂದು ನೀಡುವುದು ತಲೆಮಾರುಗಳಿಂದ ನಡೆದು ಬಂದ ವಾಡಿಕೆ. ಅವರು ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಎಂಬ ಭಾಗವು ಪ್ರಸಿದ್ಧವಾದುದು. ಕಾಡಿಗೆ ಹೊರಟ ಗಂಡ ನೀಲಯ್ಯನು ಹೆಂಡತಿಯ ಶೀಲವನ್ನು ಶಂಕಿಸಿ, ತಾನು ಮರಳುವವರೆಗೆ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡೆಂದು ಕೇಳುತ್ತಾನೆ. ತಪ್ಪು ಮಾಡದವಳು ಭಾಷೆ ಕೊಡುವುದೇಕೆಂದು ಸಂಕಮ್ಮ ಒಪ್ಪುವುದಿಲ್ಲ. ಆ ನಿರಾಕರಣೆಗೆ ಅವಳು ಅನುಭವಿಸುವ ಚಿತ್ರಹಿಂಸೆಯನ್ನೂ ಸೆರೆಯನ್ನೂ ಹಾಡುಗಾರರು ಕೇಳುವವರ ಕರುಳು ಕಿವುಚುವಂತೆ ಹಾಡುತ್ತಾರೆ. ಆಗ ಅವಳ ಮೊರೆಯನ್ನು ಕೇಳಿ ಬರುವವನು ಬಂಧುವಲ್ಲ, ಜಂಗಮರೂಪಿನ ಮಾದೇಶ್ವರ. ಅವಳನ್ನು ಸಂತೈಸಿ ಮಕ್ಕಳ ಭಾಗ್ಯವನ್ನು ಕರುಣಿಸುತ್ತಾನೆ.

ಈ ಜಾನಪದ ಕಾವ್ಯವನ್ನೂ ಆ ಕಾದಂಬರಿಯನ್ನೂ ಒತ್ತಟ್ಟಿಗಿಟ್ಟು ನೋಡಿದರೆ, ಮಾದೇವಯ್ಯನವರ ಪಾತ್ರದ ಬೇರು ಎಷ್ಟು ಆಳದಲ್ಲಿದೆಯೆಂಬುದು ಗೊತ್ತಾಗುವುದು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯ ಹೆಂಗಸರ ಅನುಭವವೇ ಎರಡಕ್ಕೂ ತಾಯಿಬೇರು. ಬೀಗ ಹಾಕಿದ ಮನೆಯ ಕೀಲಿಯು ಮನೆಯವರ ಕೈಯಲ್ಲಿ ಇರುವುದಿಲ್ಲ. ಅದು ಬಾಗಿಲಿಗೆ ಬಂದು ನಿಂತವನ ಜೋಳಿಗೆಯಲ್ಲಿರುತ್ತದೆ. ಆದರೆ ವ್ಯತ್ಯಾಸವೂ ಗಮನಾರ್ಹವಾದುದು. ಸಂಕಮ್ಮನಿಗೆ ಬಂದವನು ದೇವರು. ವರ ಕೊಡಬಲ್ಲವನು, ಸೆರೆಯನ್ನು ಬಿಡಿಸಬಲ್ಲವನು. ನಂಜಮ್ಮನಿಗೆ ಬಂದವರು ಮನುಷ್ಯರು. ಅವರಿಗೆ ರೋಗವನ್ನು ತಡೆಯುವ ಶಕ್ತಿಯಿಲ್ಲ. ಸತ್ತವರನ್ನು ಎಬ್ಬಿಸುವ ಶಕ್ತಿಯಿಲ್ಲ. ವರವನ್ನು ಕೊಡಲಾರದ ಜಂಗಮನು ಏನನ್ನು ಕೊಡಬಲ್ಲನು ಎಂಬುದೇ ‘ಗೃಹಭಂಗ’ವು ಎತ್ತುವ ಪ್ರಶ್ನೆ, ಅದೇ ಅದರ ಆಧುನಿಕತೆ.

ಪ್ರಶ್ನೆಯ ತೀಕ್ಷ್ಣತೆ ಕಾಣುವುದು ಪ್ಲೇಗಿನ ಅಧ್ಯಾಯಗಳಲ್ಲಿ. ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡುದು ೧೮೯೮ರಲ್ಲಿ. ಅಲ್ಲಿಂದ ಮುಂದಕ್ಕೆ ಅರ್ಧಶತಮಾನದವರೆಗೆ ಮೈಸೂರು ಸಂಸ್ಥಾನದ ಊರುಗಳನ್ನು ಅದು ಮತ್ತೆ ಮತ್ತೆ ಕಾಡಿತು. ಇಲಿ ಬಿದ್ದಿತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಳ್ಳುವರು. ಸತ್ತ ಇಲಿಯನ್ನು ಬಿಟ್ಟ ಚಿಗಟವು ಮನುಷ್ಯನನ್ನು ಕಚ್ಚಿ ರೋಗವನ್ನು ತರುವುದೆಂಬ ವಿವರ ಹಳ್ಳಿಗನಿಗೆ ತಿಳಿಯದಿದ್ದರೂ, ಇಲಿ ಬಿದ್ದ ಮನೆಯಲ್ಲಿ ಇರಬಾರದೆಂಬ ವಿವೇಕವನ್ನು ಅನುಭವವೇ ಕಲಿಸಿತ್ತು. ತೊಡೆಯ ಸಂದಿನಲ್ಲಿಯೋ ಕಂಕುಳಲ್ಲಿಯೋ ಗಡ್ಡೆ ಎದ್ದು ಜ್ವರ ಏರಿತೆಂದರೆ ಬದುಕುವವರು ಅಪರೂಪ. ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ೧೮೯೭ರಲ್ಲಿಯೇ ಲಸಿಕೆಯನ್ನು ಸಿದ್ಧಪಡಿಸಿದ್ದನು. ಆದರೆ ರೋಗ ಹಿಡಿದ ಮೇಲೆ ಗುಣಪಡಿಸಬಲ್ಲ ಮದ್ದುಗಳು ಬಳಕೆಗೆ ಬಂದುದು ೧೯೪೦ರ ದಶಕದ ಕೊನೆಗೆ. ನಂಜಮ್ಮನ ಮಕ್ಕಳ ಪಾಲಿಗೆ ಅದು ತಡವಾಗಿತ್ತು.

ಇಷ್ಟು ದಾರುಣವಾದ ಘಟ್ಟದಲ್ಲಿ ಸಾಮಾನ್ಯ ಬರೆಹಗಾರನು ವಿಶೇಷಣಗಳ ಮಳೆಯನ್ನೇ ಕರೆಯುತ್ತಿದ್ದನು. ಇಲ್ಲಿ ವಾಕ್ಯಗಳು ಇನ್ನೂ ಗಿಡ್ಡವಾಗುತ್ತವೆ. ಯಾರಿಗೆ ಯಾವಾಗ ಜ್ವರ ಬಂದಿತು, ಯಾರು ಯಾರನ್ನು ಕರೆದರು, ಯಾರು ಬಂದರು, ಯಾರು ಬರಲಿಲ್ಲ, ಇಷ್ಟೇ. ಮಕ್ಕಳಿಬ್ಬರನ್ನೂ ಕಳೆದುಕೊಂಡ ತಾಯಿಗೆ ಸಮಾಧಾನದ ಮಾತನ್ನು ಯಾರೂ ಹೇಳಲಾರರು. ಹೇಳಲು ಹೊರಟರೆ ಅದು ಅವಮಾನವಾಗುವುದು. ಇದನ್ನರಿತು ಕಾದಂಬರಿಕಾರರು ದುಃಖವನ್ನು ದುಃಖವಾಗಿಯೇ ಬಿಟ್ಟಿದ್ದಾರೆ. ಆ ಬಳಿಕವೂ ನಂಜಮ್ಮ ಏಳುತ್ತಾಳೆ, ಲೆಕ್ಕ ಬರೆಯುತ್ತಾಳೆ, ಸ್ವಂತಕ್ಕೊಂದು ಸೂರು ಬೇಕೆಂದು ಹಂಬಲಿಸುತ್ತಾಳೆ. ಇದನ್ನು ಗುಣವಾಯಿತೆನ್ನಲಾಗದು, ಗಾಯವನ್ನು ಹೊತ್ತುಕೊಂಡೇ ನಡೆಯಲು ಕಲಿತಳೆನ್ನಬೇಕು.

ಇದೇ ವಸ್ತುವನ್ನು ಬೇರೊಂದು ಬಗೆಯಲ್ಲಿ ಕಂಡವರು ತ್ರಿವೇಣಿಯವರು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದ್ದ ಆ ಲೇಖಕಿ ೧೯೬೩ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ‘ಶರಪಂಜರ’ವು ೧೯೭೧ರಲ್ಲಿ ಚಲನಚಿತ್ರವಾಗಿ ಇನ್ನಷ್ಟು ಮನೆಗಳನ್ನು ಮುಟ್ಟಿತು. ಅದರ ನಾಯಕಿ ಕಾವೇರಿ ಹೆರಿಗೆಯ ಬಳಿಕ ಚಿತ್ತವಿಕಾರಕ್ಕೆ ತುತ್ತಾಗಿ, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ವೈದ್ಯರು ತಮ್ಮ ಕೆಲಸವನ್ನು ಪೂರೈಸಿದ್ದಾರೆ, ಮನೆಯವರು ಪೂರೈಸುವುದಿಲ್ಲ. ಗಂಡನಿಂದ ಹಿಡಿದು ನೆರೆಹೊರೆಯವರೆಗೆ ಎಲ್ಲರ ಕಣ್ಣಿನಲ್ಲಿಯೂ ಅವಳು ಇನ್ನೂ ಹುಚ್ಚಿಯೇ. ಆ ನೋಟವೇ ಅವಳನ್ನು ಮತ್ತೆ ಹುಚ್ಚಿಗೆ ನೂಕುತ್ತದೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (೧೯೬೮) ಇದಕ್ಕೆ ಇದಿರು ಸಾಕ್ಷಿ: ಬಾಲ್ಯದಲ್ಲಿಯೇ ವಿಧವೆಯಾಗಿ ಮಾತು ಬಿಟ್ಟು ಮೂಕಜ್ಜಿಯೆನಿಸಿಕೊಂಡ ಮುದುಕಿಗೆ, ಶ್ರದ್ಧೆಯಿಂದ ಕೇಳುವ ಮೊಮ್ಮಗ ಸುಬ್ಬರಾಯನು ದೊರೆತಾಗ ಒಂದು ಲೋಕದಷ್ಟು ಮಾತು ಹೊರಬರುತ್ತದೆ. ಮೂರು ಕಾದಂಬರಿಗಳ ಕರ್ತೃಗಳು ಬೇರೆ, ಮತಿ ಬೇರೆ, ಶೈಲಿ ಬೇರೆ. ಆದರೂ ಮೂವರೂ ಕಂಡುಕೊಂಡ ಸತ್ಯ ಒಂದೇ. ಮದ್ದಿನಿಂದ ಶರೀರವು ಏಳಬಹುದು. ಮನಸ್ಸು ಏಳಬೇಕಾದರೆ ಅದನ್ನು ನಂಬುವ ಇನ್ನೊಂದು ಮನಸ್ಸು ಬೇಕು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಹೇಳದಿರುವುದು ವಿಮರ್ಶೆಯ ಧರ್ಮವಲ್ಲ. ‘ಗೃಹಭಂಗ’ದಲ್ಲಿ ಚೆನ್ನಿಗರಾಯನ ಪಾತ್ರಕ್ಕೆ ಒಳಗೆಂಬುದು ಇಲ್ಲ. ಅವನ ಹೊಟ್ಟೆಬಾಕತನವು ಮೊದಮೊದಲು ನಗೆಯನ್ನೂ ಅಸಹ್ಯವನ್ನೂ ಒಟ್ಟಿಗೆ ತರುತ್ತದೆ. ಅದೇ ಮರಳಿ ಮರಳಿ ಬಂದಾಗ ಪಾತ್ರವು ಬೊಂಬೆಯಾಗಿಬಿಡುತ್ತದೆ. ಅಷ್ಟು ಜಡನಾದವನಿಗೂ ಮಕ್ಕಳು ಸತ್ತ ರಾತ್ರಿ ಎದೆಯ ಯಾವುದಾದರೂ ಮೂಲೆಯಲ್ಲಿ ಒಂದು ಗೀರು ಬೀಳಲಿಲ್ಲವೇ ಎಂದು ವಾಚಕನು ಕೇಳಿಕೊಳ್ಳದೆ ಇರಲಾರನು. ಇನ್ನೊಂದು ಕಡೆ ನಂಜಮ್ಮನು ತಪ್ಪೇ ಇಲ್ಲದವಳಾಗಿ ಬೆಳೆದುಬಿಡುತ್ತಾಳೆ. ಮಾದೇವಯ್ಯನವರೂ ಅಷ್ಟೆ, ಜಂಗಮರಾಗುವುದಕ್ಕೆ ಮುಂಚೆ ಅವರಿಗೂ ಒಂದು ಮನೆ, ಒಂದು ನೋವು ಇದ್ದಿರಬೇಕು. ಅದರ ಸುಳಿವು ಇನ್ನಷ್ಟು ದೊರೆತಿದ್ದರೆ, ಈ ಸಾಂತ್ವನವು ಒಬ್ಬರು ಕೊಟ್ಟು ಇನ್ನೊಬ್ಬರು ಪಡೆದ ದಾನವಾಗದೆ ಇಬ್ಬರ ನಡುವಣ ವಿನಿಮಯವಾಗುತ್ತಿತ್ತು. ಕೊಡುವವನಿಗೂ ಕೊರತೆಯಿದ್ದಾಗಲೇ ಸ್ನೇಹವು ಪೂರ್ಣವಾಗುವುದು.

ಆದರೆ ಗ್ರಂಥದ ಮುಕ್ತಾಯವು ಈ ದೋಷಗಳನ್ನು ಮರೆಯಿಸುವಂಥದು. ತಾಯಿ ಹೋದಳು, ತಂದೆಯಿದ್ದೂ ಇಲ್ಲದಂತೆ. ಅಜ್ಜಿಯ ಮನೆಯಿದೆ, ಸೋದರಮಾವ ಕಲ್ಲೇಶನ ಮನೆಯಿದೆ, ವಿಶ್ವನಿಗೆ ನೆರಳಿಲ್ಲ. ಕಡೆಗೆ ಆ ಹುಡುಗನ ಕೈಹಿಡಿದು ಊರಿನಿಂದಾಚೆಗೆ ಕರೆದೊಯ್ಯುವವರು ಮಾದೇವಯ್ಯನವರೇ. ವರ ಕೊಡಲಾರದ ಜಂಗಮನು ಏನನ್ನು ಕೊಡಬಲ್ಲನೆಂಬ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ: ಅವನು ತನ್ನ ಕೈಯನ್ನು ಕೊಡಬಲ್ಲನು. ಗೃಹವನ್ನು ತೊರೆದವರು ಗೃಹವನ್ನು ಕಳೆದುಕೊಂಡವನಿಗೆ ಗೃಹವಾಗುತ್ತಾರೆ. ಇಲ್ಲಿ ಕಾದಂಬರಿಕಾರರು ನಿಲ್ಲಿಸಿದ್ದಾರೆ. ಹುಡುಗನು ಮುಂದೆ ಓದಿದನೆಂದೂ ಹೆಸರುವಾಸಿಯಾದನೆಂದೂ ಹೇಳಿ ವಾಚಕನ ಕಣ್ಣೊರಸುವುದಿಲ್ಲ. ಸಾಮಾನ್ಯ ಕಾದಂಬರಿಯು ಆರಂಭವಾಗುವ ಕಡೆಯಲ್ಲಿ ಇದು ಮುಗಿಯುತ್ತದೆ. ಶೋಕವು ಸುಳ್ಳಾಗಲಿಲ್ಲ, ಸಾಂತ್ವನವೂ ಬಾರದೆ ಇರಲಿಲ್ಲ.

ಐವತ್ತು ವರ್ಷಗಳಿಗೂ ಹಿಂದಿನ ಈ ಗ್ರಂಥವನ್ನು ಈ ಜಿಲ್ಲೆಯವರು ಮತ್ತೆ ಕೈಗೆತ್ತಿಕೊಳ್ಳಲು ಪ್ರಬಲವಾದ ಕಾರಣವುಂಟು. ೨೦೨೧ರ ಮೇ ತಿಂಗಳ ಮೊದಲ ವಾರ, ಕೊರೋನಾ ವ್ಯಾಧಿಯ ಎರಡನೆಯ ಅಲೆಯಲ್ಲಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವವುಂಟಾಗಿ, ಒಂದು ಹಗಲಿರುಳಿನೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ತನಿಖೆಗಳು ನಡೆದುವು, ವರದಿಗಳು ಬಂದುವು, ಪರಿಹಾರದ ಮಾತೂ ಆಯಿತು. ಅದೆಲ್ಲ ಅವಶ್ಯವಾದುದೇ. ಆದರೆ ಯಜಮಾನನನ್ನೋ ತಾಯಿಯನ್ನೋ ಕಳೆದುಕೊಂಡ ಆ ಮನೆಗಳಲ್ಲಿ ಇನ್ನೂ ಎಷ್ಟೋ ಜನ ವಿಶ್ವರು ಬೆಳೆಯುತ್ತಿದ್ದಾರೆ. ಅವರಿಗೆ ನೆಂಟರಿದ್ದಾರು, ಸರ್ಕಾರವಿದ್ದೀತು. ಅವೆರಡೂ ಮುಟ್ಟಲಾರದ ಒಂದು ಜಾಗವಿದೆ; ಅಲ್ಲಿಗೆ ನೆರೆಮನೆಯವರು, ಶಾಲೆಯ ಉಪಾಧ್ಯಾಯರು, ದಾರಿಹೋಕರು ಮಾತ್ರ ಹೋಗಬಲ್ಲರು.

ಮಾದೇವಯ್ಯನವರಿಗೆ ವಿದ್ಯೆಯ ಪದವಿಯಿರಲಿಲ್ಲ, ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ಭಿಕ್ಷೆಗೆಂದು ಬಾಗಿಲಿಗೆ ಬಂದವರು ಒಳಗಿನ ಅಳುವನ್ನು ಕೇಳಿಸಿಕೊಂಡರು. ಕೇಳಿಸಿಕೊಂಡ ಮೇಲೆ ಮುಂದಿನ ಮನೆಗೆ ಹೊರಟುಹೋಗಲಿಲ್ಲ. ‘ಗೃಹಭಂಗ’ವನ್ನು ಓದಿ ಮುಗಿಸಿದವರು ನಂಜಮ್ಮನಿಗಾಗಿ ಕಣ್ಣೀರು ಸುರಿಸುವುದು ಸಹಜ. ಕಣ್ಣೀರು ಆರಿದ ಮೇಲೆ, ತಮ್ಮ ಬೀದಿಯಲ್ಲಿ ಯಾವ ಮನೆಯ ಬಾಗಿಲು ಬಹುದಿನಗಳಿಂದ ಮುಚ್ಚಿಕೊಂಡಿದೆಯೆಂದು ಒಮ್ಮೆ ತಿರುಗಿ ನೋಡಿದರೆ, ಕಾದಂಬರಿಕಾರರ ಶ್ರಮವು ಸಾರ್ಥಕವಾದಂತೆ.